ಒಂದೇ ಭೂಕಂಪಕ್ಕೆ ಎರಡು ಲೆಕ್ಕ ಯಾಕೆ? ಪ್ರಕೃತಿ ವಿಕೋಪದ ನಷ್ಟ ಅಳೆಯೋದು ಹೀಗೆ

2023ರ ಫೆಬ್ರವರಿ 6ನೇ ತಾರೀಖು ಟರ್ಕಿಲಿ ಬೆಳಗಿನ ಜಾವ ಒಂದು, ಮಧ್ಯಾಹ್ನ ಒಂದು ಅಂತ ಎರಡು ದೊಡ್ಡ ಭೂಕಂಪ ಆಯ್ತು. ಮೂರು ವಾರ ಕಳೆದ ಮೇಲೆ ವರ್ಲ್ಡ್ ಬ್ಯಾಂಕ್‌ನೋರು 3,420 ಕೋಟಿ ಡಾಲರ್ ಹಾನಿ ಅಂದ್ರು. ಮಾರ್ಚಲ್ಲಿ ಟರ್ಕಿ ಸರ್ಕಾರದ್ದೇ ವರದಿ ಬಂತು, ಅದರಲ್ಲಿ 10,360 ಕೋಟಿ ಡಾಲರ್ ಅಂತಿತ್ತು. ಮೂರು ಪಟ್ಟು ಜಾಸ್ತಿ! ಭೂಕಂಪ ಅದೇ, ಬಿದ್ದ ಬಿಲ್ಡಿಂಗ್‌ಗಳೂ ಅವೇ. ನೋಡಿದೋರಿಗೆ ಮೊದಲು ಬರೋ ಅನುಮಾನ ಅಂದ್ರೆ ಇವರಲ್ಲಿ ಯಾರೋ ಒಬ್ರು ಬುರುಡೆ ಬಿಡ್ತಿದಾರೆ ಅಂತ.

ಬುರುಡೆ ಯಾರೂ ಬಿಟ್ಟಿಲ್ಲ. ವರ್ಲ್ಡ್ ಬ್ಯಾಂಕ್‌ನೋರು ಎಣಿಸಿದ್ದು ಒಡೆದು ಬಿದ್ದ ಕಟ್ಟಡ, ರಸ್ತೆ, ಪೈಪ್‌ಲೈನ್ ಇಂಥದ್ದನ್ನ ಮಾತ್ರ, ಅದೂ ದೂರದಲ್ಲಿ ಕೂತು ಮಾಡೆಲ್ ಹಾಕಿ ತೆಗೆದ ತುರ್ತು ಅಂದಾಜು. ಮತ್ತೆ ಕಟ್ಟೋಕೆ ಇದರ ಎರಡು ಪಟ್ಟು ಆಗಬಹುದು ಅಂತ ಅವರೇ ಹೇಳಿದ್ರು. ಸರ್ಕಾರದ ಲೆಕ್ಕದಲ್ಲಿ ನೆಲದ ಮೇಲೆ ಹೋಗಿ ಎಣಿಸಿದ್ದೂ ಸೇರ್ತು, ತುರ್ತು ಖರ್ಚು, ಜನ ಕಳ್ಕೊಂಡ ದುಡಿಮೆ, ಒಟ್ಟು ಆರ್ಥಿಕತೆಗೆ ಬಿದ್ದ ಪೆಟ್ಟು ಎಲ್ಲಾ ಸೇರ್ತು. ಅಂದ್ರೆ ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಟ್ಟಿದಾರೆ, ನ್ಯೂಸಲ್ಲಿ ಎರಡಕ್ಕೂ "ನಷ್ಟ" ಅಂತ ಒಂದೇ ಪದ ಹಾಕಿ ಬಿಟ್ರು, ಗೊಂದಲ ಶುರುವಾಗಿದ್ದು ಅಲ್ಲಿ. ಪ್ರತಿ ನೆರೆ, ಪ್ರತಿ ಚಂಡಮಾರುತ ಆದಾಗಲೂ ಇದೇ ಕತೆ. ಹಾಗಾಗಿ ಈ ನಂಬರ್‌ಗಳು ಹೆಂಗೆ ಹುಟ್ತವೆ ಅಂತ ಬುಡದಿಂದ ನೋಡೋಣ.

ಹಾನಿ ಬೇರೆ, ನಷ್ಟ ಬೇರೆ

ನಾವು ಮಾತಲ್ಲಿ ಹಾನಿ, ನಷ್ಟ ಎರಡನ್ನೂ ಜೋಡಿಸಿ "ಹಾನಿ ನಷ್ಟ" ಅಂತ ಒಂದೇ ಉಸಿರಲ್ಲಿ ಹೇಳಿಬಿಡ್ತೀವಿ. ಲೆಕ್ಕ ಹಾಕೋರಿಗೆ ಮಾತ್ರ ಇವೆರಡರ ಮಧ್ಯ ದೊಡ್ಡ ಗೆರೆ ಇದೆ.

ಒಂದು ಟ್ಯಾಂಕ್ ನೆನೆಸಿಕೊಳ್ಳಿ. ಟ್ಯಾಂಕಲ್ಲಿ ನಿಂತಿರೋ ನೀರು ಆಸ್ತಿ ಇದ್ದ ಹಾಗೆ, ಅಂದ್ರೆ ಮನೆ, ಮಷೀನು, ಸೇತುವೆ, ಗೋಡೌನಲ್ಲಿರೋ ಮಾಲು. ನಲ್ಲಿಯಿಂದ ದಿನಾ ಬರೋ ನೀರು ಆದಾಯ ಇದ್ದ ಹಾಗೆ, ಅಂದ್ರೆ ಸಂಬಳ, ವ್ಯಾಪಾರ, ಬಾಡಿಗೆ, ಉತ್ಪಾದನೆ. ಟ್ಯಾಂಕ್ ಒಡೆದು ನೀರು ಚೆಲ್ಲಿ ಹೋದ್ರೆ ಅದು ಹಾನಿ. ಆ ಗಳಿಗೆಲಿ ಆಗಿ ಮುಗಿಯತ್ತೆ. ಟ್ಯಾಂಕ್ ರಿಪೇರಿ ಆಗೋವರೆಗೆ ನಲ್ಲಿಲಿ ನೀರು ಬರಲ್ವಲ್ಲ, ಅದು ನಷ್ಟ. ಅದು ದಿನ ದಿನ ಬೆಳೀತಾ ಹೋಗತ್ತೆ, ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ.

ಈ ಗೆರೆನ ನಿಯಮ ಅಂತ ಬರೆದಿಟ್ಟವರು ವಿಶ್ವಸಂಸ್ಥೆಯ ಲ್ಯಾಟಿನ್ ಅಮೆರಿಕ ಆರ್ಥಿಕ ಆಯೋಗದೋರು. 1972ರಲ್ಲಿ ನಿಕರಾಗುವಾ ದೇಶದ ರಾಜಧಾನಿ ಮನಾಗುವಾ ಭೂಕಂಪದಲ್ಲಿ ನೆಲಕಚ್ಚಿದಾಗ ಲೆಕ್ಕ ಹಾಕೋಕೆ ಹೋಗಿ ಶುರುವಾದ ಕೆಲಸ ಅದು, 1991ಕ್ಕೆ ಕೈಪಿಡಿ ಆಗಿ ಬಂತು. ಆಮೇಲೆ 2008ರಲ್ಲಿ ವಿಶ್ವಸಂಸ್ಥೆ, ವರ್ಲ್ಡ್ ಬ್ಯಾಂಕ್, ಯುರೋಪಿಯನ್ ಯೂನಿಯನ್ ಮೂರೂ ಸೇರಿ ಇನ್ಮೇಲೆ ಒಟ್ಟಿಗೆ ಲೆಕ್ಕ ಮಾಡೋಣ ಅಂತ ಒಪ್ಪಂದ ಮಾಡ್ಕೊಂಡ್ರು. ಈಗ ದೊಡ್ಡ ವಿಕೋಪ ಆದ ಮೇಲೆ ಬರೋ ಬಹಳಷ್ಟು ಸರ್ಕಾರಿ ವರದಿಗಳಲ್ಲಿ ಹಾನಿಗೆ ಒಂದು ಕಾಲಂ, ನಷ್ಟಕ್ಕೆ ಒಂದು ಕಾಲಂ ಇರತ್ತೆ.

ಎರಡನ್ನ ಬೇರೆ ಬೇರೆ ಇಡೋದು ಯಾಕೆ ಮುಖ್ಯ ಅಂತ 2011ರ ಥಾಯ್ಲೆಂಡ್ ನೆರೆ ನೋಡಿದ್ರೆ ಗೊತ್ತಾಗತ್ತೆ. ವರ್ಲ್ಡ್ ಬ್ಯಾಂಕ್ ಲೆಕ್ಕದಲ್ಲಿ ಅಲ್ಲಿ ಹಾನಿ ಸುಮಾರು 63,000 ಕೋಟಿ ಬಾತ್, ನಷ್ಟ ಸುಮಾರು 79,500 ಕೋಟಿ ಬಾತ್. ಮುಳುಗಿದ್ದಕ್ಕಿಂತ ನಿಂತು ಹೋಗಿದ್ದೇ ಹೆಚ್ಚು! ಕಾರಣ ಏನಂದ್ರೆ ನೀರು ಹೋಗಿ ನಿಂತಿದ್ದು ಫ್ಯಾಕ್ಟರಿಗಳಿದ್ದ ಇಂಡಸ್ಟ್ರಿಯಲ್ ಏರಿಯಾಗಳಲ್ಲಿ, ಅದೂ ಒಂದೆರಡು ದಿನ ಅಲ್ಲ, ವಾರಗಟ್ಟಲೆ. ಭೂಕಂಪದಲ್ಲಿ ಸಾಮಾನ್ಯವಾಗಿ ಇದಕ್ಕೆ ಉಲ್ಟಾ, ಕಟ್ಟಡದ ಹಾನಿನೇ ಜಾಸ್ತಿ ಇರತ್ತೆ. ಬರಗಾಲದಲ್ಲಂತೂ ಒಂದು ಇಟ್ಟಿಗೆನೂ ಬೀಳಲ್ಲ, ಹೆಚ್ಚುಕಮ್ಮಿ ಎಲ್ಲಾ ನಷ್ಟನೇ.

ಒಂದೇ ದುಡ್ಡನ್ನ ಎರಡು ಸಲ ಎಣಿಸೋ ತಪ್ಪು

ಇಲ್ಲಿ ಓದಿಕೊಂಡೋರೂ ಎಡವ್ತಾರೆ, ಅದಕ್ಕೆ ಸ್ವಲ್ಪ ನಿಧಾನವಾಗಿ ನೋಡೋಣ.

ಒಬ್ಬರು ಬಾಡಿಗೆಗೆ ಕೊಟ್ಟಿರೋ ಮನೆ ಕುಸಿದು ಹೋಯ್ತು ಅನ್ಕೊಳ್ಳಿ. ಮನೆಯ ಮಾರ್ಕೆಟ್ ಬೆಲೆ ಒಂದು ಕಡೆ ಬರೀತೀವಿ, ಮುಂದೆ ಬರಬೇಕಿದ್ದ ಬಾಡಿಗೆ ಇನ್ನೊಂದು ಕಡೆ ಬರೆದು ಎರಡನ್ನೂ ಕೂಡಿಸ್ತೀವಿ. ಸರಿ ಅನ್ಸತ್ತಲ್ವಾ? ಮನೆನೂ ಹೋಯ್ತು, ಬಾಡಿಗೆನೂ ಹೋಯ್ತು. ಆದ್ರೆ ಆ ಮನೆಗೆ ಅಷ್ಟು ಬೆಲೆ ಬಂದಿದ್ದೇ ಮುಂದೆ ಬಾಡಿಗೆ ಬರತ್ತೆ ಅಂತ, ಇಲ್ಲಾ ಬಾಡಿಗೆ ಕೊಡದೆ ನಾವೇ ಇರಬಹುದು ಅಂತ. ಮುಂದಿನ ಎಲ್ಲಾ ಬಾಡಿಗೆಯ ಇವತ್ತಿನ ರೂಪನೇ ಮನೆ ಬೆಲೆ. ಎರಡನ್ನೂ ಕೂಡಿಸಿದ್ರೆ ಒಂದೇ ಹಸುವಿನ ಬೆಲೆನೂ ತಗೊಂಡು ಅದು ಮುಂದೆ ಕೊಡೋ ಹಾಲಿನ ಬೆಲೆನೂ ತಗೊಂಡ ಹಾಗೆ ಆಗತ್ತೆ.

ಸರಿಯಾದ ದಾರಿ ಎರಡಿದೆ, ಯಾವುದಾದ್ರೂ ಒಂದು ಹಿಡೀಬೇಕು. ಮನೆ ಮತ್ತೆ ಕಟ್ಟೋದೇ ಇಲ್ಲ ಅಂದ್ರೆ ಮನೆ ಬೆಲೆ ಮಾತ್ರ ಎಣಿಸಿ, ಬಾಡಿಗೆ ಬಿಡಿ. ಮತ್ತೆ ಕಟ್ತಾರೆ ಅಂದ್ರೆ ಕಟ್ಟೋ ಖರ್ಚು ಎಣಿಸಿ, ಜೊತೆಗೆ ಕಟ್ಟಿ ಮುಗಿಯೋವರೆಗೆ ತಪ್ಪಿ ಹೋದ ಬಾಡಿಗೆ ಎಣಿಸಿ, ಅಲ್ಲಿಗೆ ನಿಲ್ಲಿಸಿ. ಫ್ಯಾಕ್ಟರಿ, ಸೇತುವೆ, ಆಸ್ಪತ್ರೆ ಎಲ್ಲದಕ್ಕೂ ಇದೇ ನಿಯಮ. ಇದರಿಂದ ಇನ್ನೊಂದು ವಿಷಯ ತಾನಾಗೇ ಹೊರಗೆ ಬರತ್ತೆ: ರಿಪೇರಿ ಎಷ್ಟು ತಡ ಆಗತ್ತೋ ನಷ್ಟ ಅಷ್ಟು ಬೆಳೆಯತ್ತೆ, ಹಾನಿ ಮಾತ್ರ ಇದ್ದಷ್ಟೇ ಇರತ್ತೆ. ಒಂದೇ ಥರ ಒಡೆದ ಎರಡು ಸೇತುವೆಲಿ ಒಂದನ್ನ ಎರಡು ತಿಂಗಳಿಗೆ ಎದ್ದು ನಿಲ್ಲಿಸಿದ್ರೆ, ಇನ್ನೊಂದನ್ನ ಮೂರು ವರ್ಷ ಫೈಲಲ್ಲೇ ಇಟ್ರೆ ಎರಡರ ಒಟ್ಟು ಲೆಕ್ಕ ಎಲ್ಲಿಂದೆಲ್ಲಿಗೋ ಹೋಗತ್ತೆ, ಆ ವ್ಯತ್ಯಾಸದಲ್ಲಿ ಪ್ರಕೃತಿದೇನೂ ಪಾಲಿಲ್ಲ.

ಹದಿನೈದು ವರ್ಷದ ಹಳೇ ಫ್ರಿಜ್‌ಗೆ ಯಾವ ಬೆಲೆ?

ನೆರೆ ನೀರಲ್ಲಿ ಹಳೇ ಫ್ರಿಜ್ ಕೆಟ್ಟೋಯ್ತು. ಅದನ್ನ ಹಿಂದಿನ ದಿನ ಮಾರೋಕೆ ಹೋಗಿದ್ರೆ ಗುಜರಿಯೋನು ಕೊಡ್ತಿದ್ದ ದುಡ್ಡು ಅಷ್ಟಕ್ಕಷ್ಟೆ. ಆದ್ರೆ ನಾಳೆ ಬೇಕಾಗಿರೋದು ಹೊಸ ಫ್ರಿಜ್ಜು, ಅದರ ಬೆಲೆನೇ ಬೇರೆ. ದೇಶ ಎಷ್ಟು ಸಂಪತ್ತು ಕಳ್ಕೊಂಡ್ತು ಅಂತ ಕೇಳಿದ್ರೆ ಹಳೇ ಬೆಲೆ ಸರಿ. ಈ ಮನೆಯೋರು ಮತ್ತೆ ಎದ್ದು ನಿಲ್ಲೋಕೆ ಎಷ್ಟು ಬೇಕು ಅಂತ ಕೇಳಿದ್ರೆ ಹೊಸ ಬೆಲೆ ಸರಿ. ಅದಕ್ಕೆ ವರದಿಗಳಲ್ಲಿ ಹಾನಿ, ನಷ್ಟ ಆದ್ಮೇಲೆ "ಪುನರ್ನಿರ್ಮಾಣದ ಅಗತ್ಯ" ಅಂತ ಮೂರನೇ ಕಾಲಂ ಇರತ್ತೆ. 2015ರ ನೇಪಾಳ ಭೂಕಂಪದಲ್ಲಿ ಹಾನಿ ನಷ್ಟ ಸೇರಿ ಸುಮಾರು 700 ಕೋಟಿ ಡಾಲರ್, ಅಗತ್ಯ ಅಂತ ಬರೆದಿದ್ದು ಸುಮಾರು 670 ಕೋಟಿ. ಎರಡೂ ಹತ್ತಿರ ಬಂದಿದ್ದು ಅಲ್ಲಿನ ಲೆಕ್ಕ ಅಷ್ಟೆ, ಬೇರೆ ಕಡೆ ಹಿಂದೆ ಮುಂದೆ ಆಗತ್ತೆ. ಹಳೇ ಮನೆ ಇದ್ದಂಗೇ ಕಟ್ಟದೆ ಗಟ್ಟಿಯಾಗಿ ಕಟ್ಟಬೇಕು ಅಂದ್ರೆ ಅಗತ್ಯ ಹೆಚ್ಚತ್ತೆ.

ಇದರ ಮೇಲೆ ಇನ್ನೊಂದು ತಲೆನೋವು, ದೊಡ್ಡ ವಿಕೋಪ ಆದ ಮೇಲೆ ಸಿಮೆಂಟು, ಶೀಟು, ಮೇಸ್ತ್ರಿ ಕೂಲಿ ಎಲ್ಲಾ ಒಟ್ಟಿಗೆ ಏರಿಬಿಡತ್ತೆ, ಯಾಕಂದ್ರೆ ಎಲ್ಲರಿಗೂ ಒಂದೇ ಸಲ ಬೇಕು. ಹಾಗಾಗಿ ಒಂದು ಮನೆ ಬಿದ್ರೆ ಆಗೋ ರಿಪೇರಿ ಖರ್ಚನ್ನ ಲಕ್ಷದಿಂದ ಗುಣಿಸಿದ್ರೆ ಲಕ್ಷ ಮನೆ ಬಿದ್ದ ಲೆಕ್ಕ ಬರಲ್ಲ, ಅದಕ್ಕಿಂತ ಜಾಸ್ತಿನೇ ಬರತ್ತೆ.

ಲಕ್ಷ ಮನೆನ ಯಾರು ಹೋಗಿ ಎಣಿಸ್ತಾರೆ?

ಯಾರೂ ಪೂರ್ತಿ ಎಣಿಸಲ್ಲ, ಮೊದಲ ವಾರಗಳಲ್ಲಂತೂ ಸಾಧ್ಯನೇ ಇಲ್ಲ. ಮೊದಲು ಮನೆಗಳನ್ನ ಜಾತಿ ಮಾಡ್ತಾರೆ, ಮಣ್ಣಿನ ಗೋಡೆ, ಇಟ್ಟಿಗೆ, ಆರ್‌ಸಿಸಿ, ಒಂದು ಮಹಡಿ, ನಾಲ್ಕು ಮಹಡಿ ಹೀಗೆ. ಸ್ಯಾಟಲೈಟ್ ಫೋಟೋ ನೋಡಿ ಎಷ್ಟು ಏರಿಯಾ ಮುಳುಗಿದೆ, ಯಾವ ಕಟ್ಟಡ ಬಿದ್ದಿದೆ ಅಂತ ಗುರುತು ಹಾಕ್ತಾರೆ (ಮೇಲಿಂದ ನೋಡಿದ್ರೆ ಚಾವಣಿ ಸರಿಯಾಗಿರೋ ಮನೆ ಒಳಗೆ ಪೂರ್ತಿ ಬಿರುಕು ಬಿಟ್ಟಿರಬಹುದು, ಸ್ಯಾಟಲೈಟ್‌ಗೆ ಅದು ಕಾಣಲ್ಲ). ಆಮೇಲೆ ಕೆಲವು ಕಡೆ ಹೋಗಿ ಸ್ಯಾಂಪಲ್ ಸರ್ವೆ ಮಾಡಿ ಉಳಿದಿದ್ದಕ್ಕೆ ಗುಣಾಕಾರ.

ನೆರೆಗೆ ಒಂದು ವಿಶೇಷ ಸಾಧನ ಇದೆ, ಆಳ–ಹಾನಿ ಗ್ರಾಫ್. ಅಡ್ಡಕ್ಕೆ ನೀರಿನ ಆಳ, ಉದ್ದಕ್ಕೆ ಮನೆ ಬೆಲೆಯ ಎಷ್ಟು ಪರ್ಸೆಂಟ್ ಹೋಯ್ತು ಅಂತ. ಮನೆ ಒಳಗೆ ನೀರು ಹತ್ತು ಸೆಂಟಿಮೀಟರ್ ಬಂದ್ರೆ ನೆಲ, ಬಾಗಿಲ ಬುಡ, ಕೆಳಗಿಟ್ಟ ಸಾಮಾನು ಹೋಗತ್ತೆ. ಪ್ಲಗ್ ಪಾಯಿಂಟ್ ಮಟ್ಟಕ್ಕೆ ಏರಿದ್ರೆ ಗ್ರಾಫ್ ಒಮ್ಮೆಗೇ ಮೇಲೆ ಹಾರತ್ತೆ, ಯಾಕಂದ್ರೆ ವೈರಿಂಗು, ಹಾಸಿಗೆ, ಮಷೀನು ಎಲ್ಲಾ ಇರೋದು ಅಲ್ಲೇ. ಎರಡು ಮೀಟರ್ ದಾಟಿದ ಮೇಲೆ ಗ್ರಾಫ್ ಚಪ್ಪಟೆ ಆಗತ್ತೆ, ಹಾಳಾಗೋಕೆ ಇನ್ನೇನೂ ಉಳಿದಿರಲ್ಲ. ಬ್ರಿಟನ್ನಿನ ಮಿಡಲ್‌ಸೆಕ್ಸ್‌ನ ಸಂಶೋಧಕರು 1970ರ ದಶಕದಿಂದ ಇಂಥ ಗ್ರಾಫ್ ಮಾಡ್ತಾ ಬಂದಿದಾರೆ, ಅಮೆರಿಕದ ಸರ್ಕಾರ 1997ರಲ್ಲಿ ಹ್ಯಾಜಸ್ ಅನ್ನೋ ಸಾಫ್ಟ್‌ವೇರನ್ನೇ ಬಿಟ್ಟಿತು, ಮೊದಲು ಭೂಕಂಪಕ್ಕೆ, ಆಮೇಲೆ ನೆರೆ ಚಂಡಮಾರುತಕ್ಕೂ.

ಆಳ ಒಂದೇ ನೋಡಿದ್ರೆ ಮೋಸ ಹೋಗ್ತೀವಿ ಅನ್ನೋದೂ ನಿಜ. ಅದೇ ಒಂದು ಮೀಟರ್ ನೀರು ಎರಡು ಗಂಟೆ ನಿಂತು ಹೋಗೋದಕ್ಕೂ ಎರಡು ವಾರ ನಿಲ್ಲೋದಕ್ಕೂ, ತಿಳಿ ನೀರಿಗೂ ಕೆಸರಿಗೂ, ಸಿಹಿ ನೀರಿಗೂ ಸಮುದ್ರದ ಉಪ್ಪು ನೀರಿಗೂ ಬಹಳ ವ್ಯತ್ಯಾಸ. ಆರು ಗಂಟೆ ಮುಂಚೆ ಎಚ್ಚರಿಕೆ ಸಿಕ್ಕಿದ್ರೆ ಗಾಡಿ ಎತ್ತರಕ್ಕೆ ಒಯ್ದಿರ್ತಾರೆ, ಸಾಮಾನು ಮೇಲೆ ಸೇರಿಸಿರ್ತಾರೆ, ಗ್ರಾಫ್ ಹೇಳಿದಷ್ಟು ಹೋಗಿರಲ್ಲ.

ಒಂದು ಗೋಡೆನೂ ಬಿರುಕು ಬಿಡದೆ ಆಗೋ ನಷ್ಟ

2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಒಂದು ಜ್ವಾಲಾಮುಖಿ ಬೂದಿ ಉಗುಳೋಕೆ ಶುರು ಮಾಡ್ತು. ಎಯ್ಯಾಫ್ಯಾಟ್ಲಾಯೋಕುಟ್ಲ್ ಅಂತ ಹೆಸರು, ಆ ವಾರ ಟಿವಿ ಆಂಕರ್‌ಗಳು ಪಟ್ಟ ಪಾಡು ದೇವರಿಗೇ ಪ್ರೀತಿ. ಅದು ನೇರವಾಗಿ ಒಡೆದು ಹಾಕಿದ್ದು ತುಂಬಾ ಕಮ್ಮಿ. ಆದ್ರೆ ಬೂದಿ ಇಂಜಿನ್ ಒಳಗೆ ಹೋದ್ರೆ ವಿಮಾನ ಬೀಳತ್ತೆ ಅಂತ ಯುರೋಪಿನ ಆಕಾಶನೇ ಸುಮಾರು ಒಂದು ವಾರ ಮುಚ್ಚಿದ್ರು. ಒಂದು ಲಕ್ಷ ವಿಮಾನ ರದ್ದು, ಸುಮಾರು ಒಂದು ಕೋಟಿ ಪ್ರಯಾಣಿಕರು ಸಿಕ್ಕಿಹಾಕ್ಕೊಂಡ್ರು, ವಿಮಾನ ಕಂಪನಿಗಳ ಸಂಘದ ಪ್ರಕಾರ ಅವರಿಗೇ 170 ಕೋಟಿ ಡಾಲರ್ ಹೋಯ್ತು. ಸಾವಿರಾರು ಮೈಲಿ ದೂರದ ಕೀನ್ಯಾದಲ್ಲಿ ಹೂವು ಬೆಳೆಯೋರು ಕಟಾವು ಮಾಡಿದ ಹೂವನ್ನ ಕಳಿಸೋಕಾಗದೆ ಎಸೆದ್ರು. ಬರೀ ಮುರಿದಿದ್ದನ್ನ ಎಣಿಸೋ ಲೆಕ್ಕದಲ್ಲಿ ಈ ವಿಕೋಪ ಕಾಣೋದೇ ಇಲ್ಲ.

ಇದಕ್ಕೆ ಪರೋಕ್ಷ ನಷ್ಟ ಅಂತಾರೆ. ಇವತ್ತಿನ ಕಾಲದಲ್ಲಿ ಇದು ಎಲ್ಲಿ ಹೋಗಿ ತಾಗತ್ತೆ ಅಂತ ಊಹೆ ಮಾಡೋದೂ ಕಷ್ಟ. 2011ರ ಮಾರ್ಚ್ 11ಕ್ಕೆ ಜಪಾನಲ್ಲಿ ಭೂಕಂಪ ಸುನಾಮಿ ಆದಾಗ ಫುಕುಶಿಮಾ ಕಡೆ ಇದ್ದ ಒಂದೇ ಒಂದು ಪ್ಲಾಂಟ್ ನಿಂತು ಹೋಯ್ತು, ಕಾರಿನ ಪೇಂಟಿಗೆ ಮಿನುಗು ಕೊಡೋ ಒಂದು ಪುಡಿ ತಯಾರಾಗ್ತಿದ್ದಿದ್ದು ಆಗ ಜಗತ್ತಲ್ಲೇ ಅಲ್ಲಿ ಮಾತ್ರ. ಅಮೆರಿಕದ ಫೋರ್ಡ್ ಕಂಪನಿ ಕೆಲವು ಕಪ್ಪು, ಕೆಂಪು ಬಣ್ಣದ ಗಾಡಿಗೆ ಆರ್ಡರ್ ತಗೋಬೇಡಿ ಅಂತ ಡೀಲರ್‌ಗಳಿಗೆ ಹೇಳಬೇಕಾಯ್ತು. ಅದೇ ವರ್ಷ ಥಾಯ್ಲೆಂಡ್ ಮುಳುಗಿದಾಗ ಅಲ್ಲಿದ್ದ ಹಾರ್ಡ್ ಡಿಸ್ಕ್ ಫ್ಯಾಕ್ಟರಿಗಳೂ ಮುಳುಗಿ ಜಗತ್ತಿನ ಹಾರ್ಡ್ ಡಿಸ್ಕ್ ಬೆಲೆ ಏರಿ ಕೂತ್ಕೊಳ್ತು. 2017ರಲ್ಲಿ ಮರಿಯಾ ಚಂಡಮಾರುತ ಪೋರ್ಟೊ ರಿಕೊ ದ್ವೀಪಕ್ಕೆ ಬಡಿದ ಮೇಲೆ ಅಮೆರಿಕದ ಆಸ್ಪತ್ರೆಗಳಲ್ಲಿ ಸಲೈನ್ ಚೀಲಕ್ಕೆ ಬರ ಬಂತು, ಯಾಕಂದ್ರೆ ಅದು ತಯಾರಾಗ್ತಿದ್ದಿದ್ದು ಆ ದ್ವೀಪದಲ್ಲಿ.

ಇದನ್ನ ಅಳೆಯೋದು ಹೆಂಗೆ? ವಾಸಿಲಿ ಲಿಯಾಂಟಿಯೆಫ್ ಅಂತ ಒಬ್ಬ ಅರ್ಥಶಾಸ್ತ್ರಜ್ಞ ಒಂದು ದೊಡ್ಡ ಕೋಷ್ಟಕದ ಐಡಿಯಾ ಕೊಟ್ಟಿದ್ರು, ಅದಕ್ಕೆ 1973ರಲ್ಲಿ ನೊಬೆಲ್ ಕೂಡ ಬಂತು. ಕೋಷ್ಟಕದ ಪ್ರತಿ ಸಾಲೂ ಒಂದು ಉದ್ಯಮ, ಪ್ರತಿ ಕಾಲಮ್ಮೂ ಒಂದು ಉದ್ಯಮ, ಮಧ್ಯದ ಮನೆಗಳಲ್ಲಿ ಯಾರು ಯಾರಿಂದ ಎಷ್ಟು ಮಾಲು ತಗೋತಾರೆ ಅಂತ. ಸ್ಟೀಲ್ 30 ಪರ್ಸೆಂಟ್ ಕಮ್ಮಿ ಆದ್ರೆ ಗಾಡಿ ಎಷ್ಟು ಕಮ್ಮಿ, ಗಾಡಿ ಕಮ್ಮಿ ಆದ್ರೆ ಟೈರ್ ಎಷ್ಟು ಕಮ್ಮಿ ಅಂತ ಸಾಲಾಗಿ ಹೊಡೆತ ಲೆಕ್ಕ ಹಾಕಬಹುದು. ಸ್ಟೆಫಾನ್ ಹಲ್ಲೆಗಾಟ್ ಅನ್ನೋ ಅರ್ಥಶಾಸ್ತ್ರಜ್ಞ ಇದೇ ಜಾಡಲ್ಲಿ 2005ರ ಕತ್ರೀನಾ ಚಂಡಮಾರುತನ ತಗೊಂಡು ಲೂಸಿಯಾನಾ ರಾಜ್ಯಕ್ಕೆ ಲೆಕ್ಕ ಹಾಕಿದ್ರು. ನೇರ ಹಾನಿ 10,700 ಕೋಟಿ ಡಾಲರ್, ಅದರಿಂದ ಹುಟ್ಟಿದ ಉತ್ಪಾದನಾ ನಷ್ಟ ಇನ್ನೂ 4,200 ಕೋಟಿ. ಅದಕ್ಕಿಂತ ಕುತೂಹಲದ ವಿಷಯ, ನೇರ ಹಾನಿ ಸುಮಾರು 5,000 ಕೋಟಿ ಒಳಗಿದ್ರೆ ಪರೋಕ್ಷ ನಷ್ಟ ಹೆಚ್ಚೇನೂ ಇರಲ್ಲ, ಅದನ್ನ ದಾಟಿದ ಮೇಲೆ ಜೋರಾಗಿ ಏರತ್ತೆ ಅಂತ ಆ ಮಾಡೆಲ್ ತೋರಿಸ್ತು. ಚಿಕ್ಕ ಪೆಟ್ಟಾದ್ರೆ ಪಕ್ಕದ ಉದ್ಯಮಗಳು ಓವರ್‌ಟೈಮ್ ಮಾಡಿ ಸರಿದೂಗಿಸ್ತವೆ, ಪೆಟ್ಟು ದೊಡ್ಡದಾದ್ರೆ ರಿಪೇರಿ ಮಾಡಬೇಕಾದ ಉದ್ಯಮಗಳೇ ಹಾಸಿಗೆ ಹಿಡಿದಿರ್ತವೆ.

ಯಾರ ನಷ್ಟ ಅಂತ ಕೇಳದೆ ಲೆಕ್ಕ ಮುಂದೆ ಹೋಗಲ್ಲ

ನೆರೆಗೆ ಒಂದು ಅಂಗಡಿ ಹದಿನೈದು ದಿನ ಮುಚ್ಚಿತು, ಗಿರಾಕಿಗಳೆಲ್ಲ ಎರಡು ಬೀದಿ ಆಚೆ ಅಂಗಡಿಗೆ ಹೋದ್ರು. ಮೊದಲನೇ ಅಂಗಡಿಯೋರಿಗೆ ಪೂರ್ತಿ ನಷ್ಟ, ಎರಡನೇ ಅಂಗಡಿಯೋರಿಗೆ ಲಾಭ, ಊರಿನ ಲೆಕ್ಕದಲ್ಲಿ ಹೆಚ್ಚುಕಮ್ಮಿ ಸೊನ್ನೆ. ಹಾರ್ಡ್ ಡಿಸ್ಕ್ ವಿಷಯದಲ್ಲೂ ಅಷ್ಟೆ, ಫ್ಯಾಕ್ಟರಿ ಮುಳುಗದೆ ಉಳ್ಕೊಂಡ ಕಂಪನಿಗೆ ಆಮೇಲೆ ಒಳ್ಳೆ ಲಾಭ ಬಂತು. ಹಾಗಾಗಿ ಗೆರೆ ಎಲ್ಲಿ ಎಳೀತೀರಿ, ಮನೆ ಸುತ್ತ, ಜಿಲ್ಲೆ ಸುತ್ತ, ದೇಶದ ಸುತ್ತ ಅನ್ನೋದರ ಮೇಲೆ ಉತ್ತರ ಬದಲಾಗತ್ತೆ. ಸರ್ಕಾರ ಕೊಡೋ ಪರಿಹಾರದ ದುಡ್ಡೂ ಹಾಗೇ, ಅದು ನಷ್ಟನ ಅಳಿಸಲ್ಲ, ಒಬ್ಬರ ಹೆಗಲಿಂದ ತೆರಿಗೆ ಕಟ್ಟೋ ಎಲ್ಲರ ಹೆಗಲಿಗೆ ಹಂಚತ್ತೆ.

ಜಿಡಿಪಿ ನೋಡಿದ್ರೆ ಗೊತ್ತಾಗಲ್ವಾ ಅಂತ ಕೇಳಬಹುದು. ಗೊತ್ತಾಗಲ್ಲ. ಜಿಡಿಪಿ ಅಳೆಯೋದು ನಲ್ಲಿಲಿ ಬರೋ ನೀರನ್ನ, ಟ್ಯಾಂಕಲ್ಲಿದ್ದಿದ್ದನ್ನ ಅಲ್ಲ. ಸಾವಿರ ಮನೆ ಬಿದ್ದಿದ್ದು ಜಿಡಿಪಿಲಿ ನೇರವಾಗಿ ಕಳೆಯಲ್ಲ, ಆದ್ರೆ ಅವನ್ನ ಮತ್ತೆ ಕಟ್ಟಿದ್ದು ಕೂಡತ್ತೆ. ಅದಕ್ಕೇ ಕೆಲವು ಸಲ ವಿಕೋಪದ ಮುಂದಿನ ವರ್ಷ ಬೆಳವಣಿಗೆ ದರ ಏರಿದ ಹಾಗೆ ಕಾಣತ್ತೆ. ಆ ಸಿಮೆಂಟು, ಆ ದುಡಿಮೆ ಹೊಸದೇನನ್ನೋ ಕಟ್ಟೋಕೆ ಹೋಗಬೇಕಿತ್ತು, ಈಗ ಇದ್ದಲ್ಲಿಗೆ ವಾಪಸ್ ಬರೋಕೆ ಹೋಯ್ತು. ಜಿಡಿಪಿಗೆ ಹೋಲಿಸಿ ನೋಡೋದು ಬೇರೆ ಉಪಯೋಗಕ್ಕೆ ಬರತ್ತೆ, ದೇಶ ಎಷ್ಟು ತಡ್ಕೊಳ್ಳತ್ತೆ ಅಂತ ತಿಳಿಯೋಕೆ. ಜಪಾನ್ ಸರ್ಕಾರ 2011ರ ನೇರ ಹಾನಿನ 16.9 ಲಕ್ಷ ಕೋಟಿ ಯೆನ್ ಅಂತ ಅಂದಾಜು ಮಾಡ್ತು, ಅಲ್ಲಿನ ಜಿಡಿಪಿಯ ಸುಮಾರು ಮೂರೂವರೆ ಪರ್ಸೆಂಟ್. 2010ರ ಹೈಟಿ ಭೂಕಂಪದ ಹಾನಿ ನಷ್ಟ 780 ಕೋಟಿ ಡಾಲರ್, ಜಪಾನ್ ಮುಂದೆ ಅದು ಲೆಕ್ಕಕ್ಕೇ ಇಲ್ಲ, ಆದ್ರೆ ಆ ದೇಶದ ಹಿಂದಿನ ವರ್ಷದ ಜಿಡಿಪಿಯ 120 ಪರ್ಸೆಂಟ್!

ಇನ್ನೂ ಒಳಗೆ ಹೋದ್ರೆ, ಇರೋ ಒಂದೇ ಹೊಲಿಗೆ ಮಷೀನ್ ಕಳ್ಕೊಂಡವರಿಗೂ ಮೂರನೇ ಕಾರು ಕಳ್ಕೊಂಡವರಿಗೂ ದುಡ್ಡಿನ ಲೆಕ್ಕದಲ್ಲಿ ಕಾರಿನೋರದ್ದೇ ದೊಡ್ಡ ನಷ್ಟ. ಬದುಕಿನ ಲೆಕ್ಕದಲ್ಲಿ ಉಲ್ಟಾ. ಇದನ್ನ ಸರಿ ಮಾಡೋಕೆ 2016ರಲ್ಲಿ ವರ್ಲ್ಡ್ ಬ್ಯಾಂಕಿನ ಒಂದು ಅಧ್ಯಯನ ಆಸ್ತಿಯ ಬದಲು ಜನರ ಬಳಕೆ ಎಷ್ಟು ಕುಸಿಯತ್ತೆ ಅಂತ ಅಳೀತು. ವರ್ಷಕ್ಕೆ 52,000 ಕೋಟಿ ಡಾಲರ್ ಬಳಕೆ ಹೋದಷ್ಟು ಪೆಟ್ಟು, ಸಾಮಾನ್ಯವಾಗಿ ಹೇಳೋ ಆಸ್ತಿ ನಷ್ಟಕ್ಕಿಂತ ಸುಮಾರು 60 ಪರ್ಸೆಂಟ್ ಜಾಸ್ತಿ, ಜೊತೆಗೆ ಪ್ರತಿ ವರ್ಷ 2.6 ಕೋಟಿ ಜನ ಬಡತನಕ್ಕೆ ಬೀಳ್ತಾರೆ ಅಂತ ಅದು ಹೇಳ್ತು.

ಜೀವಕ್ಕೆ ಬೆಲೆ ಕಟ್ತಾರಾ?

ಹಾನಿ ನಷ್ಟದ ವರದಿಗಳಲ್ಲಿ ಸಾಮಾನ್ಯವಾಗಿ ಕಟ್ಟಲ್ಲ. ಸತ್ತವರ ಸಂಖ್ಯೆ ಬೇರೆನೇ ಬರೀತಾರೆ, ದುಡ್ಡಿನ ಮೊತ್ತಕ್ಕೆ ಸೇರಿಸಲ್ಲ. ಆದ್ರೆ ಒಡ್ಡು ಕಟ್ಟಬೇಕಾ ಬೇಡ್ವಾ ಅಂತ ಲಾಭ ಖರ್ಚು ತೂಗುವಾಗ ಜೀವ ಉಳಿಯೋದನ್ನ ಸೊನ್ನೆ ಅಂತ ಬಿಟ್ರೆ ಅದು ಇನ್ನೂ ದೊಡ್ಡ ತಪ್ಪು ಆಗತ್ತೆ. ಅಲ್ಲಿ ಬಳಸೋ ವಿಧಾನ ಹೀಗೆ: ಒಂದು ಲಕ್ಷ ಜನ ಇದಾರೆ, ಒಬ್ಬೊಬ್ಬರಿಗೂ ಸಾಯೋ ಅಪಾಯ ಲಕ್ಷಕ್ಕೆ ಒಂದರಷ್ಟು ಕಮ್ಮಿ ಆಗತ್ತೆ ಅಂದ್ರೆ ಎಷ್ಟು ಕೊಡೋಕೆ ರೆಡಿ ಅಂತ ನೋಡ್ತಾರೆ. ಒಬ್ಬೊಬ್ಬರು 70 ಡಾಲರ್ ಅಂದ್ರೆ ಒಟ್ಟು 70 ಲಕ್ಷ ಡಾಲರ್, ಉಳಿಯೋದು ಲೆಕ್ಕದ ಪ್ರಕಾರ ಒಂದು ಜೀವ. ಅಮೆರಿಕದ ಪರಿಸರ ಇಲಾಖೆ ಬಳಸ್ತಾ ಬಂದಿದ್ದು 2006ರ ಬೆಲೆಯಲ್ಲಿ 74 ಲಕ್ಷ ಡಾಲರ್. ಇದು ಇಂಥವರ ಜೀವಕ್ಕೆ ಇಷ್ಟು ಅಂತ ಅಲ್ಲ, ಯಾರದ್ದು ಅಂತ ಗೊತ್ತಿಲ್ಲದ ಚೂರು ಚೂರು ಅಪಾಯನ ಕೂಡಿಸಿದ್ದು. ಆದ್ರೂ ಕಸಿವಿಸಿ ಆಗತ್ತೆ, ಈ ವಿಷಯದಲ್ಲಿ ಕೆಲಸ ಮಾಡೋರಲ್ಲೂ ಜಗಳ ನಿಂತಿಲ್ಲ. ಬಡ ದೇಶದ ಜನ ಕಮ್ಮಿ ಕೊಡೋಕೆ ಆಗೋದ್ರಿಂದ ಅವರ ಜೀವಕ್ಕೆ ಕಮ್ಮಿ ಬೆಲೆ ಬರತ್ತೆ ಅನ್ನೋ ತಕರಾರಿಗೆ ನಂಗೂ ಒಳ್ಳೆ ಉತ್ತರ ಎಲ್ಲೂ ಸಿಕ್ಕಿಲ್ಲ.

2003ರ ಬೇಸಿಗೆಲಿ ಯುರೋಪಿನ ಬಿಸಿಗಾಳಿಗೆ ಸುಮಾರು 70,000 ಜನ ಸತ್ರು. ಅಲ್ಲಿ ಕುಸಿದು ಬಿದ್ದ ಕಟ್ಟಡಗಳ ಪಟ್ಟಿ ಇಲ್ಲ, ಹಾಗಾಗಿ ದುಡ್ಡಿನ ಪಟ್ಟಿಲಿ ಅದು ಒಂದು ಸಾಧಾರಣ ಚಂಡಮಾರುತಕ್ಕಿಂತ ಕೆಳಗೆ ಇರಬಹುದು.

ಒಂದೇ ವರ್ಷಕ್ಕೆ ಎರಡು ಪಟ್ಟಿ

2024ರಲ್ಲಿ ಜಗತ್ತಲ್ಲಿ ಆದ ಒಟ್ಟು ನಷ್ಟ ಜರ್ಮನಿಯ ಮ್ಯೂನಿಕ್ ರೀ ಲೆಕ್ಕದಲ್ಲಿ 32,000 ಕೋಟಿ ಡಾಲರ್, ಬೆಲ್ಜಿಯಂನ ಯೂನಿವರ್ಸಿಟಿಯೊಂದರಲ್ಲಿರೋ ಎಂ–ಡ್ಯಾಟ್ ಡೇಟಾಬೇಸಲ್ಲಿ ಸುಮಾರು 24,200 ಕೋಟಿ. ಮ್ಯೂನಿಕ್ ರೀ ಅಂದ್ರೆ ಇನ್ಶೂರೆನ್ಸ್ ಕಂಪನಿಗಳಿಗೇ ಇನ್ಶೂರೆನ್ಸ್ ಕೊಡೋ ಕಂಪನಿ, ಅವರ ಹತ್ತಿರ ಕ್ಲೇಮ್‌ಗಳ ಮಾಹಿತಿ ಇರತ್ತೆ, ಆ 32,000ದಲ್ಲಿ ಇನ್ಶೂರೆನ್ಸ್ ಇದ್ದಿದ್ದು 14,000. ಎಂ–ಡ್ಯಾಟ್ ಸೇರಿಸ್ಕೊಳ್ಳೋಕೆ ಹತ್ತು ಜನ ಸತ್ತಿರಬೇಕು, ಇಲ್ಲಾ ನೂರು ಜನಕ್ಕೆ ತೊಂದರೆ ಆಗಿರಬೇಕು, ಇಲ್ಲಾ ತುರ್ತು ಪರಿಸ್ಥಿತಿ ಘೋಷಣೆ ಆಗಿರಬೇಕು, ಅಥವಾ ಹೊರಗಿನ ನೆರವು ಕೇಳಿರಬೇಕು. ಅಷ್ಟಾದ್ರೂ ಬಹಳಷ್ಟು ಘಟನೆಗಳ ಮುಂದೆ ದುಡ್ಡಿನ ಕಾಲಂ ಖಾಲಿ ಇರತ್ತೆ, ಬಡ ದೇಶಗಳದ್ದಂತೂ ಜಾಸ್ತಿ. ಖಾಲಿ ಬಿಟ್ಟಿದ್ದನ್ನ ಕೂಡಿಸುವಾಗ ಅದು ಸೊನ್ನೆ ಆಗತ್ತೆ.

ಹಳೇ ವರ್ಷದ ಜೊತೆ ಹೋಲಿಸೋದು ಇನ್ನೂ ಜಾರೋ ಜಾಗ. ಬೆಲೆ ಏರಿಕೆ ಸರಿದೂಗಿಸಿದ್ರೆ ಸಾಲಲ್ಲ, ಅಲ್ಲಿ ಈಗ ಎಷ್ಟು ಜನ ಇದಾರೆ, ಎಷ್ಟು ಕಟ್ಟಿದಾರೆ ಅಂತಲೂ ನೋಡಬೇಕು. 1992ರ ಆಂಡ್ರೂ ಚಂಡಮಾರುತ ಅಮೆರಿಕದ ಇತಿಹಾಸದಲ್ಲೇ ಅತಿ ದುಬಾರಿ ಅಂತ ಆಗ ಎಲ್ಲರೂ ಹೇಳ್ತಿದ್ರು, ಹಲವು ಇನ್ಶೂರೆನ್ಸ್ ಕಂಪನಿಗಳೇ ಮುಳುಗಿದ್ವು. 1998ರಲ್ಲಿ ಇಬ್ಬರು ಸಂಶೋಧಕರು ಹಳೇ ಚಂಡಮಾರುತಗಳೆಲ್ಲ ಇವತ್ತು ಬಂದಿದ್ರೆ ಅಂತ ಲೆಕ್ಕ ಹಾಕಿದ್ರು, 1926ರಲ್ಲಿ ಮಯಾಮಿಗೆ ಬಡಿದಿದ್ದು ಆಂಡ್ರೂನ ಎಷ್ಟೋ ಹಿಂದೆ ಹಾಕ್ತು. 1926ರಲ್ಲಿ ಆ ಊರಲ್ಲಿ ಒಡೆಯೋಕೆ ಅಷ್ಟೊಂದು ಇರಲಿಲ್ಲ ಅಷ್ಟೆ.

ಆಗೋಕೆ ಮುಂಚೆನೇ ಲೆಕ್ಕ

ಇಲ್ಲಿವರೆಗೂ ನೋಡಿದ್ದು ಆದ ಮೇಲಿನ ಲೆಕ್ಕ. ಆಗೋ ಮುಂಚಿನ ಲೆಕ್ಕದಲ್ಲಿ ಮೂರು ವಿಷಯ ಗುಣಿಸ್ತಾರೆ: ಅಪಾಯ ಎಷ್ಟು ಸಲ ಎಷ್ಟು ಜೋರಾಗಿ ಬರತ್ತೆ, ಅದರ ದಾರಿಲಿ ಏನೇನಿದೆ, ಇರೋದು ಎಷ್ಟು ಗಟ್ಟಿ ಇದೆ. ಜನ ಇಲ್ಲದ ಮರುಭೂಮಿಲಿ ಎಂಥಾ ಭೂಕಂಪ ಆದ್ರೂ ಗುಣಾಕಾರದಲ್ಲಿ ಒಂದು ಸೊನ್ನೆ ಇರೋದ್ರಿಂದ ಉತ್ತರ ಸೊನ್ನೆ.

ನೂರು ವರ್ಷದ ನೆರೆ ಅನ್ನೋ ಮಾತು ಕೇಳಿರ್ತೀರಿ. ಹೋದ ವರ್ಷ ಬಂತು, ಇನ್ನು ತೊಂಬತ್ತೊಂಬತ್ತು ವರ್ಷ ನಿಶ್ಚಿಂತೆ ಅಂತ ಅದರ ಅರ್ಥ ಅಲ್ಲ. ಪ್ರತಿ ವರ್ಷ ಬರೋ ಸಾಧ್ಯತೆ ನೂರಕ್ಕೆ ಒಂದು ಅಂತ ಅರ್ಥ, ದಾಳ ಹಾಕಿದ ಹಾಗೆ, ಹಿಂದಿನ ಸಲ ಏನು ಬಿತ್ತು ಅಂತ ದಾಳಕ್ಕೆ ನೆನಪಿರಲ್ಲ. ಮೂವತ್ತು ವರ್ಷದಲ್ಲಿ ಒಮ್ಮೆಯಾದ್ರೂ ಬರೋ ಸಾಧ್ಯತೆ 26 ಪರ್ಸೆಂಟ್, ಅಂದ್ರೆ ಮನೆ ಸಾಲ ತೀರೋದ್ರೊಳಗೆ ಕಾಲು ಭಾಗಕ್ಕಿಂತ ಜಾಸ್ತಿ ಚಾನ್ಸ್.

ಈ ಸಾಧ್ಯತೆನ ನಷ್ಟದ ಜೊತೆ ಗುಣಿಸಿ ಕೂಡಿಸಿದ್ರೆ ಸರಾಸರಿ ವಾರ್ಷಿಕ ನಷ್ಟ ಸಿಗತ್ತೆ. ಹತ್ತು ವರ್ಷಕ್ಕೊಮ್ಮೆ ಬರೋ ನೆರೆ 20 ಕೋಟಿ ಹಾಳು ಮಾಡತ್ತೆ ಅಂದ್ರೆ ವರ್ಷಕ್ಕೆ 2 ಕೋಟಿ, ನೂರು ವರ್ಷಕ್ಕೊಮ್ಮೆ ಬರೋದು 500 ಕೋಟಿ ಅಂದ್ರೆ ವರ್ಷಕ್ಕೆ 5 ಕೋಟಿ, ಒಟ್ಟು 7. ನಿಜವಾದ ಲೆಕ್ಕದಲ್ಲಿ ಎರಡಲ್ಲ, ಸಾವಿರಾರು ಕಾಲ್ಪನಿಕ ನೆರೆಗಳನ್ನ ಕಂಪ್ಯೂಟರಲ್ಲಿ ಬಿಡ್ತಾರೆ. ಇನ್ಶೂರೆನ್ಸ್ ಪ್ರೀಮಿಯಂ ಹುಟ್ಟೋದು ಇಲ್ಲಿಂದನೇ. ಒಡ್ಡು ಕಟ್ಟೋ ವಿಷಯಕ್ಕೂ ಇದೇ ಆಧಾರ, ಆದ್ರೆ ಅಲ್ಲಿ ಬಡ್ಡಿ ಥರದ ಒಂದು ದರ ನಡುವೆ ಬರತ್ತೆ, ಮುಂದೆ ಉಳಿಯೋ ದುಡ್ಡಿಗೆ ಇವತ್ತು ಎಷ್ಟು ಬೆಲೆ ಅಂತ. ನೂರು ವರ್ಷ ಆದ್ಮೇಲೆ ಉಳಿಯೋ 100ಕ್ಕೆ 3 ಪರ್ಸೆಂಟ್ ದರದಲ್ಲಿ ಇವತ್ತಿನ ಬೆಲೆ ಸುಮಾರು 5, ಅದೇ 7 ಪರ್ಸೆಂಟ್ ಹಾಕಿದ್ರೆ ಸುಮಾರು 0.1. ಒಡ್ಡು, ನದಿ, ಊರು ಯಾವುದೂ ಬದಲಾಗದೆ ಬರೀ ಆ ಒಂದು ಅಂಕಿ ಬದಲಾದ್ರೆ ಯೋಜನೆ ಪಾಸೋ ಫೇಲೋ ಆಗಿಬಿಡತ್ತೆ. ಇಂಥ ವರದಿ ಕೈಗೆ ಸಿಕ್ಕಿದ್ರೆ ನಾನು ಮೊದಲು ಹುಡುಕೋದು ಆ ದರನ.

ಈ ಲೆಕ್ಕದ ಹಳೇ ಒಳ್ಳೆ ಉದಾಹರಣೆ ನೆದರ್‌ಲ್ಯಾಂಡ್ಸ್‌ದು. 1953ರ ಜನವರಿ 31ರ ರಾತ್ರಿ ಕಳೆದು ಫೆಬ್ರವರಿ 1ರ ಬೆಳಗಾಗೋದ್ರೊಳಗೆ ಸಮುದ್ರ ಒಡ್ಡುಗಳನ್ನ ಒಡೆದು ಒಳಗೆ ನುಗ್ಗಿ 1,836 ಜನ ಸತ್ರು. ಆಮೇಲೆ ಮಾಡಿದ ಸಮಿತಿ ಪರವಾಗಿ ಡೇವಿಡ್ ವಾನ್ ಡಾಂಟ್ಸಿಗ್ ಅನ್ನೋ ಗಣಿತಜ್ಞ ಕೇಳಿದ್ದು ಒಡ್ಡು ಎಷ್ಟು ಎತ್ತರ ಇರಬೇಕು ಅಂತ. ಎತ್ತರ ಏರಿದ ಹಾಗೆ ಕಟ್ಟೋ ಖರ್ಚು ಏರತ್ತೆ, ನೆರೆ ಬರೋ ಸಾಧ್ಯತೆ ಇಳಿಯತ್ತೆ, ಅದರ ಜೊತೆ ಮುಂದಿನ ನಷ್ಟದ ಸರಾಸರಿನೂ ಇಳಿಯತ್ತೆ, ಎರಡರ ಮೊತ್ತ ಎಲ್ಲಿ ಅತಿ ಕಮ್ಮಿಯೋ ಅಲ್ಲಿಗೆ ನಿಲ್ಲಿಸಿ ಅಂತ 1956ರಲ್ಲಿ ಪ್ರಕಟಿಸಿದ್ರು. ಹಾಲೆಂಡ್ ಪ್ರಾಂತ್ಯದ ಒಡ್ಡುಗಳಿಗೆ ಆಗ ಇಟ್ಟ ಮಟ್ಟ ಹತ್ತು ಸಾವಿರ ವರ್ಷಕ್ಕೊಮ್ಮೆ ಬರೋ ಸಮುದ್ರದ ಉಬ್ಬರನ ತಡೀಬೇಕು ಅಂತ. 2017ಕ್ಕೆ ಒಡ್ಡಿನ ಮಟ್ಟ ಹೇಳೋ ಕಾನೂನು ಬದಲಾಯ್ತು. ಈಗ ಮೊದಲು ನೋಡೋದು ದುಡ್ಡನ್ನ ಅಲ್ಲ, ಒಡ್ಡಿನ ಹಿಂದೆ ವಾಸ ಮಾಡೋ ಯಾರಿಗೇ ಆದ್ರೂ ನೆರೆಯಿಂದ ಸಾಯೋ ಸಾಧ್ಯತೆ ವರ್ಷಕ್ಕೆ ಲಕ್ಷದಲ್ಲಿ ಒಂದಕ್ಕಿಂತ ಜಾಸ್ತಿ ಇರಬಾರದು, 2050ರೊಳಗೆ ಅಲ್ಲಿಗೆ ಮುಟ್ಟಬೇಕು ಅಂತ. ಅದಕ್ಕಿಂತ ಮೇಲೆ ಒಡ್ಡು ಇನ್ನಷ್ಟು ಏರಿಸಬೇಕಾ ಅನ್ನೋ ಕಡೆ ಮಾತ್ರ ವಾನ್ ಡಾಂಟ್ಸಿಗ್ ಥರದ ಲೆಕ್ಕ ಮತ್ತೆ ಕೈಗೆತ್ಕೋತಾರೆ.